ಏರುವ ದನಿ, ಬದಲಾಗುವ ಬಣ್ಣ

ಮಿನಿಮೂಗ್ ಸಿಂಥಸೈಜರಿಗೆ ಕರೆಂಟು ಕೊಟ್ಟ ಮೇಲೆ ಸ್ವಲ್ಪ ಹೊತ್ತು ಕಾಯಬೇಕು. ಒಳಗಿನ ಸರ್ಕ್ಯೂಟು ಬೆಚ್ಚಗಾಗುವ ತನಕ ಶ್ರುತಿ ಜಾರುತ್ತಲೇ ಇರುತ್ತದೆ. ಅದು ನಿಂತಿತೆನ್ನುವಾಗ ದನಿ ಹುಟ್ಟಿಸುವ ಮೂರು ಆಸಿಲೇಟರುಗಳಲ್ಲಿ ಎರಡನ್ನು ಮುಚ್ಚಿ, ಉಳಿದೊಂದರ ನಾಬನ್ನು ಗರಗಸದ ಹಲ್ಲಿನ ಚಿತ್ರಕ್ಕೆ ತಿರುಗಿಸಿ, ಫಿಲ್ಟರನ್ನು ಕೊನೆಯವರೆಗೆ ತೆರೆದು, ಕೀಬೋರ್ಡಿನ ಎಡಭಾಗದ ಒಂದು ಮನೆ ಒತ್ತಿದರೆ ಕೋಣೆ ತುಂಬ ಒರಟಾದ, ಚೂಪಾದ ದನಿ ನಿಲ್ಲುತ್ತದೆ. ಬೆರಳು ಇಟ್ಟ ಕ್ಷಣ ಪೂರ್ತಿ ಇದೆ, ತೆಗೆದ ಕ್ಷಣ ಪೂರ್ತಿ ಇಲ್ಲ. ಒತ್ತಿ ಹಿಡಿದಷ್ಟು ಹೊತ್ತೂ ಅದೇ ಜೋರು, ಅದೇ ಚೂಪು. ತುಸು ಹೊತ್ತು ಕೇಳಿದರೆ ಸಾಕು, ಕಿವಿ ಅದನ್ನು ಗಮನಿಸುವುದನ್ನೇ ಬಿಡುತ್ತದೆ.

ಹಾಗೆಂದು ಆ ದನಿಯಲ್ಲಿ ಸರಕಿಗೆ ಕೊರತೆಯಿಲ್ಲ. ಸೆಕೆಂಡಿಗೆ 110 ಕಂಪನದ ಗರಗಸದ ಅಲೆಯೊಳಗೆ 220, 330, 440, 550 ಹೀಗೆ ಅದರ ಎಲ್ಲ ಮಡಿಗಳ ಉಪಸ್ವರಗಳೂ ಅಡಗಿರುತ್ತವೆ. ಎರಡನೆಯದು ಮೂಲಸ್ವರದ ಅರ್ಧ ಬಲದ್ದು, ಮೂರನೆಯದು ಮೂರನೇ ಒಂದರಷ್ಟು, ಐದನೆಯದು ಐದನೇ ಒಂದರಷ್ಟು. ಕೊರತೆಯಿರುವುದು ಚಲನೆಗೆ. ವೀಣೆಯ ತಂತಿಯಾಗಲಿ, ದೇವಸ್ಥಾನದ ಗಂಟೆಯಾಗಲಿ, ಮನುಷ್ಯನ ಗಂಟಲಾಗಲಿ ಎರಡು ಕ್ಷಣ ಒಂದೇ ಥರ ಇರುವುದಿಲ್ಲ. ಸದ್ದು ಹುಟ್ಟುವಾಗ ಒಂದು ಬಗೆ, ನೆಲೆ ನಿಂತಾಗ ಇನ್ನೊಂದು, ಆರುವಾಗ ಮತ್ತೊಂದು. ಜೋರು ತಗ್ಗುವಾಗ ನಾದದ ಬಣ್ಣವೂ ತಿರುಗುತ್ತದೆ. ಆದರೆ ಎರಡೂ ಒಂದೇ ವೇಗದಲ್ಲಿ ಸಾಗುವುದಿಲ್ಲ. ಸಿಂಥಸೈಜರಿನಲ್ಲಿ ದನಿ ಕಟ್ಟುವವರ ಅಸಲಿ ಕೆಲಸ ಈ ಎರಡು ವೇಗಗಳ ನಡುವಿನ ನಂಟನ್ನು ಹುಡುಕುವುದು ಎಂದೇ ನಾನು ತಿಳಿದಿದ್ದೇನೆ. ಜೋರನ್ನು ಒಂದು ಕಡೆ, ಬಣ್ಣವನ್ನು ಇನ್ನೊಂದು ಕಡೆ ಇಟ್ಟುಕೊಂಡು ಬೇರೆ ಬೇರೆಯಾಗಿ ತಿದ್ದಿದ ದನಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಜೀವ ಹಿಡಿಯುವುದಿಲ್ಲ.

ಮಿನಿಮೂಗ್‌ನ ಮುಖಫಲಕ ಈ ಮಾತನ್ನು ಕಣ್ಣಿಗೇ ಕಾಣಿಸುತ್ತದೆ. 1970ರಲ್ಲಿ ಬಂದ ಈ ಪುಟ್ಟ ವಾದ್ಯಕ್ಕೆ ಮರದ ಚೌಕಟ್ಟು, 44 ಮನೆಗಳ ಕೀಬೋರ್ಡು. ಹಿಂದುಗಡೆ ಎತ್ತಿ ನಿಲ್ಲಿಸಬಹುದಾದ ಕಪ್ಪು ಫಲಕದ ಬಲಭಾಗಕ್ಕೆ ಬಂದರೆ ಎಲ್ಲಕ್ಕಿಂತ ಮೇಲೆ ಮೂರು ನಾಬು: ಫಿಲ್ಟರ್ ಎಲ್ಲಿಂದ ಕತ್ತರಿಸಬೇಕೆನ್ನುವ ಕಟಾಫ್, ಕತ್ತರಿಸುವ ಅಂಚನ್ನು ಎತ್ತಿ ತೋರಿಸುವ ಎಂಫಸಿಸ್, ಫಿಲ್ಟರನ್ನು ಎಷ್ಟು ದೂರ ಓಡಿಸಬೇಕೆನ್ನುವ ಕಾಂಟೂರ್ ಪ್ರಮಾಣ. ಅದರ ಕೆಳಗೆ ಮತ್ತೆ ಮೂರು: ಏರುವ ಅವಧಿಗೆ ಅಟ್ಯಾಕ್, ಇಳಿಯುವ ಅವಧಿಗೆ ಡಿಕೇ, ನಿಲ್ಲುವ ಮಟ್ಟಕ್ಕೆ ಸಸ್ಟೇನ್. ಅದಕ್ಕೂ ಕೆಳಗೆ ಇನ್ನೊಂದು ಸಾಲು, ಮತ್ತೆ ಅವೇ ಮೂರು: ಅಟ್ಯಾಕ್, ಡಿಕೇ, ಸಸ್ಟೇನ್. ಈ ಎರಡು ಅವಳಿ ಸಾಲುಗಳಲ್ಲಿ ಮೇಲಿನ ಮೂರು ಬಣ್ಣಕ್ಕೆ, ಕೆಳಗಿನ ಮೂರು ಜೋರಿಗೆ. ಒಂದೇ ಹೆಸರಿನ ನಾಬುಗಳು ಒಂದರ ನೆತ್ತಿಯ ಮೇಲೊಂದು ಕೂತಿರುವುದರಿಂದ ಎರಡರ ಮುಳ್ಳೂ ಎತ್ತ ನೋಡುತ್ತಿವೆ ಎಂದು ಒಂದೇ ನೋಟಕ್ಕೆ ಹೋಲಿಸಬಹುದು. ಕಂಪ್ಯೂಟರಿನ ಪರದೆಯಲ್ಲಿ ಇವತ್ತು ಸಿಗುವ ನೂರಾರು ಸಿಂಥಸೈಜರುಗಳೂ ಈ ಎರಡು ಸಾಲನ್ನೇ ಬೇರೆ ಬೇರೆ ವೇಷದಲ್ಲಿ ಇಟ್ಟುಕೊಂಡಿವೆ.

ಈ ನಾಬುಗಳ ಮೂಲ ನ್ಯೂಯಾರ್ಕ್ ರಾಜ್ಯದ ಟ್ರೂಮನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿದೆ. ಅಲ್ಲಿಗೆ ಹತ್ತಿರದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ರಾಬರ್ಟ್ ಮೂಗ್ ಆ ಊರಿನಲ್ಲೊಂದು ಕಾರ್ಯಾಗಾರ ಇಟ್ಟುಕೊಂಡು ಥೆರಮಿನ್ ವಾದ್ಯದ ಕಿಟ್ ಮಾರುತ್ತಿದ್ದರು. 1964ರ ಬೇಸಿಗೆಯಲ್ಲಿ ಸಂಗೀತ ರಚನಕಾರ, ಮೇಷ್ಟ್ರು ಹರ್ಬರ್ಟ್ ಡಾಯ್ಚ್ ಅಲ್ಲಿಗೆ ಬಂದರು. ಮೂಗ್ ಕಟ್ಟಿದ್ದ ಆಸಿಲೇಟರಿನ ಸ್ವರ ವೋಲ್ಟೇಜಿಗೆ ತಕ್ಕಂತೆ ಏರುತ್ತಿತ್ತು, ಇಳಿಯುತ್ತಿತ್ತು. ಅದನ್ನು ಕೇಳಿ ಡಾಯ್ಚ್ ಹಿಗ್ಗಿದರು. ಆದರೆ ಸಂಗೀತಗಾರನ ಕಿವಿಗೆ ಒಂದು ಕೊರತೆ ಕೂಡಲೇ ಬಡಿಯಿತು: ಒಂದು ಸ್ವರಕ್ಕೂ ಮುಂದಿನದಕ್ಕೂ ನಡುವೆ ಉಸಿರಿಲ್ಲ, ಮೀಟಿಲ್ಲ, ಒತ್ತಿಲ್ಲ. ಸ್ವರ ಹುಟ್ಟುವ ಬಗೆಯನ್ನು ನಾವೇ ರೂಪಿಸುವಂತಾಗಬೇಕು ಎಂದು ಅವರು ಕೇಳಿದರು.

ಮೂಗ್, ಡಾಯ್ಚ್ ಅವರನ್ನು ಹಾರ್ಡ್‌ವೇರ್ ಅಂಗಡಿಗೆ ಕಳಿಸಿ ಒಂದು ಕರೆಗಂಟೆಯ ಗುಂಡಿ ತರಿಸಿದರು. ಬೆಲೆ ಮೂವತ್ತೈದು ಸೆಂಟ್ ಎಂದು ಡಾಯ್ಚ್ ಮುಂದೆ ಎಷ್ಟೋ ಸಲ ನೆನೆದಿದ್ದರು. ಗುಂಡಿ ಒತ್ತಿದರೆ ಒಂದು ಕೆಪಾಸಿಟರಿಗೆ ವಿದ್ಯುತ್ತು ತುಂಬುತ್ತದೆ, ಬಿಟ್ಟರೆ ಮೆಲ್ಲಗೆ ಸೋರಿಹೋಗುತ್ತದೆ. ಆ ಏರಿಳಿಯುವ ವೋಲ್ಟೇಜನ್ನು ದನಿಯ ಜೋರನ್ನು ಆಳುವ ಸರ್ಕ್ಯೂಟಿಗೆ ಕೊಟ್ಟರು. ಅಷ್ಟೇ. ಸ್ವರಕ್ಕೆ ಹುಟ್ಟು ಬಂತು, ಆರುವಿಕೆ ಬಂತು. ಕೆಪಾಸಿಟರ್ ಬರಿದಾಗುವಾಗ ಮೊದಲು ಸರಸರ ಇಳಿದು ಆಮೇಲೆ ನಿಧಾನಿಸುತ್ತದೆ. ಎಷ್ಟು ಉಳಿದಿದೆಯೋ ಅದರ ಇಂತಿಷ್ಟು ಪಾಲನ್ನು ಪ್ರತಿ ಕ್ಷಣವೂ ಕಳೆದುಕೊಳ್ಳುತ್ತ ಹೋಗುತ್ತದೆ. ಮೀಟಿದ ತಂತಿಯೂ ತನ್ನ ಶಕ್ತಿಯನ್ನು ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ ಕಳೆದುಕೊಳ್ಳುತ್ತದೆ. ಕಿವಿಯೂ ಜೋರನ್ನು ಅಳೆಯುವುದು ಪಾಲಿನ ಲೆಕ್ಕದಲ್ಲೇ. ಅಗ್ಗದ ಒಂದು ಗುಂಡಿ, ಒಂದು ಕೆಪಾಸಿಟರ್ ಸೇರಿ ಮೊದಲ ಯತ್ನದಲ್ಲೇ ಸಹಜವಾಗಿ ಕೇಳಿಸಲು ಈ ಹೊಂದಾಣಿಕೆಯೇ ಕಾರಣ. ಇವತ್ತಿಗೂ ಸರಳರೇಖೆಯಲ್ಲಿ ಇಳಿಯುವ ಡಿಕೇ ಕೊಟ್ಟು ನೋಡಿ: ದನಿ ಬಹಳ ಹೊತ್ತು ಜೋರಾಗಿಯೇ ಇದ್ದು, ಕೊನೆಯಲ್ಲಿ ತಟ್ಟನೆ ಮುಗ್ಗರಿಸಿದಂತೆ ಕೇಳುತ್ತದೆ.

ಮರುವರ್ಷ, 1965ರಲ್ಲಿ, ಕೊಲಂಬಿಯಾ-ಪ್ರಿನ್ಸ್‌ಟನ್ ಎಲೆಕ್ಟ್ರಾನಿಕ್ ಸಂಗೀತ ಕೇಂದ್ರದ ವ್ಲಾದಿಮಿರ್ ಉಸಾಚೆವ್‌ಸ್ಕಿ ಇದನ್ನು ಇನ್ನಷ್ಟು ಬಿಡಿಸಿ ಕೇಳಿದರು. ಏರಲು ಒಂದು ಅವಧಿ, ಮೊದಲ ಇಳಿತಕ್ಕೆ ಇನ್ನೊಂದು, ಬೆರಳು ಇರುವಷ್ಟು ಹೊತ್ತು ನಿಲ್ಲಬೇಕಾದ ಮಟ್ಟ, ಬೆರಳು ಎತ್ತಿದ ಮೇಲಿನ ಇಳಿತ. ಆಮೇಲೆ ಎಆರ್‌ಪಿ ಎಂಬ ಸಿಂಥಸೈಜರ್ ಕಂಪನಿ ಈ ನಾಲ್ಕಕ್ಕೆ ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್ ಎಂಬ ಚಿಕ್ಕ ಹೆಸರು ಕೊಟ್ಟಿತು. ಅದೇ ಎಡಿಎಸ್‌ಆರ್ ಎಂದು ಲೋಕರೂಢಿಯಾಯಿತು. ಮೂಗ್‌ನ ದೊಡ್ಡ ಮಾಡ್ಯುಲರ್ ಯಂತ್ರವೊಂದು ನಮ್ಮ ದೇಶಕ್ಕೂ ಬೇಗನೆ ಬಂದಿತ್ತು. 1969ರಲ್ಲಿ ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅದನ್ನು ಜೋಡಿಸಿ ಕೊಟ್ಟರು. ಪಖಾವಜ್ ವಾದಕಿ ಗೀತಾ ಸಾರಾಭಾಯಿ ಮತ್ತು ಕೆಲವರು ಅದರ ಮುಂದೆ ಕೂತು ಕೆಲಸ ಮಾಡಿದರು. ಆ ಟೇಪುಗಳು ದಶಕಗಳ ಕಾಲ ಕಪಾಟಿನಲ್ಲಿದ್ದು ಈಚೆಗೆ ಹೊರಬಂದಿವೆ. ರಾಗ ಕೇಳಿ ಬೆಳೆದ ಕಿವಿಗಳು ಆ ನಾಲ್ಕು ನಾಬುಗಳನ್ನು ಮೊದಲ ಸಲ ತಿರುಗಿಸಿದ ಹೊತ್ತು ಆ ಟೇಪಿನಲ್ಲಿ ಉಳಿದುಕೊಂಡಿರುವುದು ನನಗೆ ದೊಡ್ಡ ಸಂಗತಿ.

ಮತ್ತೆ ಮಿನಿಮೂಗ್‌ನ ಫಲಕಕ್ಕೇ ಬರೋಣ. ಒರಟು ಗರಗಸದ ದನಿಯಿಂದ ಒಂದು ಮೀಟು ಕಟ್ಟಬೇಕಾಗಿದೆ ಎಂದುಕೊಳ್ಳಿ.

ಮೊದಲು ಕೆಳಗಿನ ಸಾಲು. ಅಟ್ಯಾಕ್ ನಾಬನ್ನು ಪೂರ್ತಿ ಎಡಕ್ಕೆ, ಹತ್ತು ಮಿಲಿಸೆಕೆಂಡಿಗೆ. ಡಿಕೇ ಸುಮಾರು ಎರಡೂವರೆ ಸೆಕೆಂಡಿಗೆ. ಸಸ್ಟೇನ್ ಸೊನ್ನೆಗೆ. ಮನೆ ಒತ್ತಿದರೆ ದನಿ ಥಟ್ಟನೆ ಎದ್ದು ಮೆಲ್ಲಗೆ ಇಳಿಯುತ್ತದೆ. ಆದರೆ ಅದು ಮೀಟಿದ ತಂತಿಯಲ್ಲ. ಯಾರೋ ರೇಡಿಯೋದ ಹಾರ್ನ್ ದನಿಗೆ ವಾಲ್ಯೂಮ್ ತಗ್ಗಿಸುತ್ತಿರುವುದು ಅಷ್ಟೇ. ಚೂಪು ಹಾಗೇ ಇದೆ, ದೂರ ಸರಿದಿದೆ. ಇನ್ನೊಂದು ಎಡವಟ್ಟು: ಬೆರಳು ಎತ್ತಿದ ಕೂಡಲೇ ದನಿ ಕಡಿದುಹೋಗುತ್ತದೆ. ಮಿನಿಮೂಗ್‌ನಲ್ಲಿ ರಿಲೀಸಿಗೆ ಬೇರೆ ನಾಬೇ ಇಲ್ಲ. ಎಡಗೈ ಬಳಿಯ ಚಕ್ರಗಳ ಪಕ್ಕ ಡಿಕೇ ಎಂಬ ಸಣ್ಣ ಸ್ವಿಚ್ಚಿದೆ. ಅದನ್ನು ಒತ್ತಿದರೆ ಬೆರಳು ಎತ್ತಿದ ಮೇಲೂ ಡಿಕೇಗೆ ಇಟ್ಟ ಅವಧಿಯಲ್ಲೇ ದನಿ ಆರುತ್ತದೆ. ತಂತಿ ಮೀಟಿದವರು ಬೆರಳನ್ನು ತಂತಿಯ ಮೇಲೇ ಇಟ್ಟುಕೊಂಡು ಕೂರುವುದಿಲ್ಲವಲ್ಲ, ಹಾಗಾಗಿ ಆ ಸ್ವಿಚ್ಚು ಇಲ್ಲಿ ಬೇಕೇ ಬೇಕು.

ಈಗ ಮೇಲಿನ ಸಾಲು. ಮೂಗ್ ಫಿಲ್ಟರ್ ಕಟಾಫಿಗಿಂತ ಕೆಳಗಿನದನ್ನು ಬಿಟ್ಟುಕೊಟ್ಟು ಮೇಲಿನದನ್ನು ತಡೆಯುತ್ತದೆ. ಒಂದೊಂದು ಸ್ಥಾಯಿ ಮೇಲೇರಿದಂತೆ 24 ಡೆಸಿಬೆಲ್ ಕಡಿತ. ಅಂದರೆ ಸ್ಥಾಯಿಗೊಮ್ಮೆ ಬಲ ಸುಮಾರು ಹದಿನಾರನೇ ಒಂದಕ್ಕೆ ಇಳಿಯುತ್ತದೆ. ಕಡಿದಾದ ಕತ್ತರಿ ಇದು. ಇದರ ಪೇಟೆಂಟು ಮೂಗ್ ಹೆಸರಿಗೆ 1969ರಲ್ಲಿ ಬಂತು. ಕಟಾಫನ್ನು ಕೈಯಿಂದ ಮೆಲ್ಲಗೆ ಮೇಲೇರಿಸಿ ಕೇಳಿದರೆ ನಮ್ಮ ಬಾಯಿ ‘ಊ’ ಇಂದ ‘ಆ’ ಕಡೆಗೆ ತೆರೆದುಕೊಳ್ಳುವಾಗ ಆಗುವ ಬದಲಾವಣೆಯ ಗುರುತು ಸಿಗುತ್ತದೆ. ಗಂಟಲಿನಲ್ಲಿ ಹುಟ್ಟುವ ದನಿ ಒಂದೇ, ಅದನ್ನು ಸೋಸುವ ಬಾಯಿಯ ಆಕಾರ ಬೇರೆ. ಈಗ ಕಟಾಫನ್ನು ತಗ್ಗಿಸಿಟ್ಟು, ಕಾಂಟೂರ್ ಪ್ರಮಾಣವನ್ನು ಅರ್ಧಕ್ಕೆ ತಂದು, ಮೇಲಿನ ಸಾಲಿನ ಅಟ್ಯಾಕ್ ಪೂರ್ತಿ ಎಡಕ್ಕೆ, ಡಿಕೇ ನಾನೂರು ಮಿಲಿಸೆಕೆಂಡು, ಸಸ್ಟೇನ್ ಸೊನ್ನೆ. ಮನೆ ಒತ್ತಿ.

ಅಲ್ಲಿ ತಂತಿ ಬಂತು! ಮೀಟಿದ ಕ್ಷಣದಲ್ಲಿ ಫಿಲ್ಟರ್ ಜಿಗಿದು ತೆರೆದು ಉಪಸ್ವರಗಳನ್ನೆಲ್ಲ ಒಮ್ಮೆಲೇ ಹೊರಬಿಟ್ಟಿತು. ಅರ್ಧ ಸೆಕೆಂಡಿನೊಳಗೆ ಚೂಪು ಕರಗಿ, ದುಂಡನೆಯ ಮೂಲಸ್ವರ ಮಾತ್ರ ಉಳಿದು, ಅದು ಮತ್ತೆರಡು ಸೆಕೆಂಡು ಗುಂಯ್‌ಗುಟ್ಟಿ ಆರಿತು. ಬಣ್ಣ ಮೊದಲು ಮಾಸುತ್ತದೆ, ಜೋರು ಆಮೇಲೆ ಇಳಿಯುತ್ತದೆ. ಗಿಟಾರಿನ ತಂತಿಯಲ್ಲಿ ಆಗುವುದೂ ಇದೇ. ವೇಗವಾಗಿ ಕಂಪಿಸುವ ಮೇಲಿನ ಉಪಸ್ವರಗಳು ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತವೆ, ಕೆಳಗಿನವು ಉಳಿದುಕೊಳ್ಳುತ್ತವೆ. ಎರಡು ಡಿಕೇಗಳ ಅನುಪಾತವನ್ನಷ್ಟೇ ಬದಲಾಯಿಸುತ್ತ ಹೋದರೆ ವಾದ್ಯವೇ ಬದಲಾದಂತೆ ಕೇಳುತ್ತದೆ. ಮೇಲಿನದನ್ನು ನೂರು ಮಿಲಿಸೆಕೆಂಡಿಗೆ ಇಳಿಸಿದರೆ ಮರದ ತುಂಡಿನ ಮೇಲೆ ಬಿದ್ದ ಪೆಟ್ಟು. ಒಂದೂವರೆ ಸೆಕೆಂಡಿಗೆ ಏರಿಸಿದರೆ ಲೋಹದ ತಂತಿ. ಮೇಲಿನದನ್ನು ಕೆಳಗಿನದಕ್ಕಿಂತ ಉದ್ದ ಮಾಡಿದರೆ ಏನೂ ಆಗುವುದಿಲ್ಲ: ಫಿಲ್ಟರ್ ಇನ್ನೂ ಮುಚ್ಚಿಕೊಳ್ಳುತ್ತಿದೆ, ಕೇಳಲು ದನಿಯೇ ಉಳಿದಿಲ್ಲ. ಹೊಸಬರು ಫಿಲ್ಟರಿನ ನಾಬನ್ನು ಎಷ್ಟು ತಿರುಗಿಸಿದರೂ ಫರಕು ಕಾಣುತ್ತಿಲ್ಲ ಎಂದು ಸೋಲುವುದು ಬಹುಪಾಲು ಇಲ್ಲೇ.

ಇನ್ನೂ ಕೆಲವು ಒಳಸುಳಿಗಳಿವೆ. ಫಿಲ್ಟರ್ ಮುಚ್ಚಿಕೊಂಡಾಗ ಬಣ್ಣವಷ್ಟೇ ಅಲ್ಲ, ಜೋರೂ ಇಳಿಯುತ್ತದೆ, ಏಕೆಂದರೆ ದನಿಯ ಪಾಲೇ ಕಡಿಮೆಯಾಯಿತು. ಎಂಫಸಿಸನ್ನು ಏರಿಸಿದರೆ ಕಟಾಫಿನ ಅಂಚಿನಲ್ಲಿರುವ ಉಪಸ್ವರ ಎದ್ದು ಕಾಣುತ್ತದೆ, ಆದರೆ ಮೂಗ್ ಫಿಲ್ಟರಿನಲ್ಲಿ ಅದೇ ಹೊತ್ತಿಗೆ ತಳದ ಗಾಂಭೀರ್ಯ ತೆಳ್ಳಗಾಗುತ್ತದೆ. ಅದನ್ನು ಸರಿದೂಗಿಸಲು ಆಸಿಲೇಟರುಗಳನ್ನು ಬೆರೆಸುವ ಮಿಕ್ಸರಿಗೆ ಹೋಗಿ ಆಸಿಲೇಟರನ್ನು ಸ್ವಲ್ಪ ಎತ್ತಬೇಕು. ಬಣ್ಣ ಮುಟ್ಟಿದರೆ ಜೋರು ಅಲುಗುತ್ತದೆ, ಜೋರು ಮುಟ್ಟಿದರೆ ಬಣ್ಣ. ಇನ್ನೊಂದು, ಕೀಬೋರ್ಡಿನ ಮೇಲೆ ಬಲಕ್ಕೆ ಹೋದಂತೆ ಏನಾಗುತ್ತದೆ ಎನ್ನುವುದು. ಕಟಾಫ್ 880ರಲ್ಲಿ ಅಲುಗದೆ ನಿಂತಿದ್ದರೆ 110ರ ಸ್ವರಕ್ಕೆ ಅದರೊಳಗೆ ಎಂಟು ಉಪಸ್ವರಗಳ ಜಾಗವಿದೆ, 440ರ ಸ್ವರಕ್ಕೆ ಎರಡೇ. ತಳದಲ್ಲಿ ಸಿರಿವಂತ, ಮೇಲೆ ಬಡಕಲು. ಇದಕ್ಕೆಂದೇ ಮಿನಿಮೂಗ್‌ನ ಫಿಲ್ಟರಿನ ಪಕ್ಕ ಎರಡು ಕೀಬೋರ್ಡ್ ಸ್ವಿಚ್ಚುಗಳಿವೆ. ಒಂದನ್ನು ಒತ್ತಿದರೆ ಕಟಾಫು ಸ್ವರದ ಹಿಂದೆ ಮೂರನೇ ಒಂದರಷ್ಟು ಬರುತ್ತದೆ, ಇನ್ನೊಂದಕ್ಕೆ ಮೂರನೇ ಎರಡರಷ್ಟು, ಎರಡೂ ಒತ್ತಿದರೆ ಹೆಜ್ಜೆಗೆ ಹೆಜ್ಜೆ. ಮೀಟುವ ವಾದ್ಯಗಳಿಗೆ ನನಗೆ ಮೂರನೇ ಎರಡೇ ಹಿತ. ಪೂರ್ತಿ ಕೊಟ್ಟರೆ ಮೇಲಿನ ಸ್ವರಗಳು ಕಿವಿ ಚುಚ್ಚುತ್ತವೆ.

ಊದುವ ವಾದ್ಯಕ್ಕೆ ಬಂದರೆ ಆಟವೇ ಬೇರೆ. ಅರುವತ್ತರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಫ್ರೆಂಚ್ ರಚನಕಾರ, ವಿಜ್ಞಾನಿ ಜ್ಯಾಂ-ಕ್ಲೋದ್ ರಿಸೆ ಕಂಪ್ಯೂಟರಿನಿಂದ ಟ್ರಂಪೆಟ್ ದನಿಯನ್ನು ಬಿಡಿಸಿ ನೋಡಿದರು. ಪುಸ್ತಕಗಳಲ್ಲಿ ಕೊಟ್ಟಿದ್ದ ಉಪಸ್ವರಗಳ ಪಟ್ಟಿಯನ್ನು ನಂಬಿ ಕಟ್ಟಿದರೆ ದನಿಗೆ ಹಿತ್ತಾಳೆಯ ಗುಣವೇ ಬರುತ್ತಿರಲಿಲ್ಲ. ಆ ಪಟ್ಟಿಗಳೆಲ್ಲ ನಿಂತ ಸ್ವರದ ಲೆಕ್ಕ. ಊದಲು ತೊಡಗಿದಾಗ ಮೊದಲು ಕೆಳಗಿನ ಉಪಸ್ವರಗಳು, ಅವುಗಳ ಹಿಂದೆ ಮೇಲಿನವು ಬರುತ್ತವೆ. ಉಸಿರು ಜೋರಾದಂತೆಲ್ಲ ಮೇಲಿನವುಗಳ ಪಾಲು ಹೆಚ್ಚುತ್ತದೆ ಎಂದು ಅವರು ಕಂಡುಕೊಂಡರು. ಹಿತ್ತಾಳೆಯ ದನಿಯ ಗುಟ್ಟು ಉಪಸ್ವರಗಳ ಪಟ್ಟಿಯಲ್ಲಿರಲಿಲ್ಲ. ಜೋರಿನ ಜೊತೆ ಬಣ್ಣ ಹೊಳೆಯುವ ನಂಟಿನಲ್ಲಿತ್ತು.

ನಮ್ಮ ಕಿವಿಗೆ ಇದು ಗೊತ್ತಿರುವುದೇ. ಮೂರು ಬೀದಿ ಆಚೆಯ ಮದುವೆ ಮನೆಯಲ್ಲಿ ಓಲಗ ಊದುತ್ತಿದ್ದರೆ ನಮ್ಮ ಕಿಟಕಿಗೆ ಬರುವುದು ತೀರ ಸಣ್ಣ ದನಿ. ಆದರೂ ಅಲ್ಲಿ ಯಾರೋ ಎದೆ ತುಂಬ ಉಸಿರು ಕಟ್ಟಿ ಊದುತ್ತಿದ್ದಾರೆ ಎನ್ನುವುದರಲ್ಲಿ ಅನುಮಾನವೇ ಬರುವುದಿಲ್ಲ. ಅದೇ ಮೆಲ್ಲಗೆ ಊದಿದ ಕೊಳಲನ್ನು ದೊಡ್ಡ ಸ್ಪೀಕರಿನಲ್ಲಿ ಎಷ್ಟೇ ಜೋರಾಗಿ ಹಾಕಿದರೂ ಅದು ಮೆಲ್ಲಗೆ ಊದಿದ ಕೊಳಲೇ. ಎಷ್ಟು ಬಲ ಬಿದ್ದಿದೆ ಎನ್ನುವುದನ್ನು ಕಿವಿ ಜೋರಿಗಿಂತ ಹೆಚ್ಚಾಗಿ ಬಣ್ಣದಿಂದಲೇ ಓದುತ್ತದೆ. ಹಾಗಾಗಿ ಮಿನಿಮೂಗ್‌ನಲ್ಲಿ ಹಿತ್ತಾಳೆಯ ದನಿ ಕಟ್ಟುವವರು ಕೆಳಗಿನ ಸಾಲಿನ ಅಟ್ಯಾಕನ್ನು ಚುರುಕಾಗಿಟ್ಟು, ಮೇಲಿನ ಸಾಲಿನದನ್ನು ಎಪ್ಪತ್ತು ಎಂಬತ್ತು ಮಿಲಿಸೆಕೆಂಡು ನಿಧಾನಿಸುತ್ತಾರೆ. ದನಿ ಮೊದಲು ಬರಬೇಕು, ಹೊಳಪು ಅದರ ಬೆನ್ನಿಗೆ ಬರಬೇಕು. ಆ ಎಂಬತ್ತು ಮಿಲಿಸೆಕೆಂಡಿನಲ್ಲಿ ತುಟಿ ಕಾಣುತ್ತದೆ, ಉಸಿರು ಕಾಣುತ್ತದೆ. ಮುನ್ನೂರಕ್ಕೆ ಒಯ್ದರೆ ಮಾತ್ರ ಪ್ರತಿ ಸ್ವರವೂ ‘ವಾ’ ಎಂದು ಬಾಯಿ ತೆರೆಯುತ್ತದೆ, ಹಿತ್ತಾಳೆ ಕಳೆದುಹೋಗುತ್ತದೆ.

ಮಿನಿಮೂಗ್‌ನ ಕೀಬೋರ್ಡಿಗೆ ಬೆರಳಿನ ಬಲ ತಿಳಿಯುತ್ತಿರಲಿಲ್ಲ. ಮೆಲ್ಲಗೆ ಮುಟ್ಟಿದರೂ ಗುದ್ದಿದರೂ ಒಂದೇ. ಮುಂದೆ ಬಂದ ವಾದ್ಯಗಳಲ್ಲಿ ಅದು ಸಿಕ್ಕಿದಾಗ ಬಹಳ ಮಂದಿ ಬೆರಳಿನ ಬಲವನ್ನು ಜೋರಿಗೆ ಮಾತ್ರ ಕಟ್ಟಿ ಸುಮ್ಮನಾದರು. ಅದಕ್ಕಿಂತ ನೀರಸವಾದದ್ದು ಇನ್ನೊಂದಿಲ್ಲ. ಬಲವನ್ನು ಫಿಲ್ಟರಿಗೆ ಹೆಚ್ಚು, ಜೋರಿಗೆ ಕಡಿಮೆ ಕಟ್ಟಿ ನೋಡಿ. ಬೆರಳಿನಡಿ ವಾದ್ಯ ಎಚ್ಚರವಾಗುತ್ತದೆ. ರೋಲಂಡ್ ಕಂಪನಿಯ ಟಿಬಿ-303 ಎಂಬ ಚಿಕ್ಕ ಬೆಳ್ಳಿಬಣ್ಣದ ಪೆಟ್ಟಿಗೆಯಲ್ಲಿ ಈ ವಿವೇಕ ಒಂದೇ ನಾಬಿನಲ್ಲಿತ್ತು. ಆಕ್ಸೆಂಟ್ ಕೊಟ್ಟ ಸ್ವರ ಜೋರೂ ಆಗುತ್ತದೆ, ಫಿಲ್ಟರೂ ಅದರ ಜೊತೆಗೇ ಚಿಮ್ಮುತ್ತದೆ. ಮುಂಬೈ ಚಿತ್ರಸಂಗೀತದ ವಾದಕ ಚರಣಜಿತ್ ಸಿಂಗ್ 1982ರಲ್ಲಿ ಇದೇ ಪೆಟ್ಟಿಗೆಯನ್ನೂ ಜ್ಯೂಪಿಟರ್-8 ಸಿಂಥಸೈಜರನ್ನೂ ಮುಂದಿಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿದರು. ಆ ಧ್ವನಿಮುದ್ರಿಕೆಯಲ್ಲಿ ಕೆಳದನಿಯ ಸ್ವರಗಳು ಮಿಣುಕುವುದನ್ನು ಕೇಳಿದರೆ ಜೋರು ಮತ್ತು ಬಣ್ಣ ಕೈಕೈ ಹಿಡಿದು ನಡೆಯುವುದೆಂದರೇನೆಂದು ತಿಳಿಯುತ್ತದೆ.

1983ರಲ್ಲಿ ಬಂದ ಯಮಹಾ ಡಿಎಕ್ಸ್7ರಲ್ಲಿ ಫಿಲ್ಟರೇ ಇರಲಿಲ್ಲ. ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ ಕಂಡುಹಿಡಿದ ಎಫ್‌ಎಂ ವಿಧಾನದಲ್ಲಿ ಆಪರೇಟರ್ ಎಂಬ ಒಂದು ಆಸಿಲೇಟರ್ ಇನ್ನೊಂದರ ಕಂಪನವನ್ನು ಅಲುಗಿಸಿ ಉಪಸ್ವರ ಹುಟ್ಟಿಸುತ್ತದೆ. ಆರು ಆಪರೇಟರುಗಳು, ಅವನ್ನು ಜೋಡಿಸಲು 32 ಬಗೆ, ಒಂದೊಂದಕ್ಕೂ ನಾಲ್ಕು ವೇಗ ನಾಲ್ಕು ಮಟ್ಟದ ಎನ್ವಲಪ್, ಅಂದರೆ ಏರಿಳಿತದ ಆಕಾರ. ಫಲಕದ ಮೇಲೆ ನಾಬುಗಳ ಸುಳಿವೇ ಇಲ್ಲ, ಒಂದು ಸಣ್ಣ ಪರದೆ ಮತ್ತು ಚಪ್ಪಟೆ ಗುಂಡಿಗಳು. ಕಂಗಾಲಾಗಿ ಬಿಟ್ಟುಬಿಟ್ಟವರೇ ಹೆಚ್ಚು. ಕಾರ್ಖಾನೆಯಿಂದ ಬಂದ ದನಿಗಳಲ್ಲೇ ಆ ದಶಕ ಕಳೆಯಿತು. ಆದರೆ ಒಂದು ಎಳೆ ಹಿಡಿದರೆ ದಾರಿ ಕಾಣುತ್ತದೆ: ಕಿವಿಗೆ ನೇರ ಬರುವ ಆಪರೇಟರಿನ ಎನ್ವಲಪ್ ಜೋರು, ಅದನ್ನು ಅಲುಗಿಸುವ ಆಪರೇಟರಿನ ಎನ್ವಲಪ್ ಬಣ್ಣ. ಮತ್ತೆ ಅವೇ ಎರಡು ಸಾಲುಗಳು. ಅದರ ಹೆಸರಾಂತ ಎಲೆಕ್ಟ್ರಿಕ್ ಪಿಯಾನೋ ಮೆಲ್ಲಗೆ ಮುಟ್ಟಿದಾಗ ಗಾಜಿನ ಗಂಟೆ, ಗುದ್ದಿದಾಗ ಗುರುಗುಟ್ಟುವ ಲೋಹ ಆಗುವುದು, ಬೆರಳಿನ ಬಲವನ್ನು ಅಲುಗಿಸುವ ಆಪರೇಟರಿಗೆ ಕಟ್ಟಿದ್ದರಿಂದ.

ಗಣೇಶೋತ್ಸವದ ವೇದಿಕೆಗಳಲ್ಲಿ, ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುವವರನ್ನು ಗಮನಿಸಿ ಕೇಳಿದರೆ ಇನ್ನೊಂದು ಕಷ್ಟ ಕಾಣುತ್ತದೆ. ಸ್ಟ್ರಿಂಗ್ಸ್ ಎಂಬ ದನಿ ನಿಧಾನದ ಹಾಡಿಗೆಂದು ಕಟ್ಟಿದ್ದು, ಅಟ್ಯಾಕ್ ಸುಮಾರು ಮುನ್ನೂರು ಮಿಲಿಸೆಕೆಂಡು. ಅದೇ ದನಿಯಲ್ಲಿ ಚುರುಕಿನ ಹಾಡಿನ ಮಧ್ಯಂತರ ಸಂಗೀತ ನುಡಿಸಿದರೆ ಬೆರಳು ಸರಿಯಾಗಿ ತಾಳದ ಮೇಲೆ ಬಿದ್ದಿದ್ದರೂ ದನಿ ತಡವಾಗಿ ಬರುತ್ತದೆ. ಪಾಪ, ನುಡಿಸುವವರಿಗೆ ಲಯವಿಲ್ಲ ಎಂಬ ಹೆಸರು. ಅಟ್ಯಾಕನ್ನು ಪೂರ್ತಿ ತೆಗೆದರೆ ಪಿಟೀಲುಗಳ ಮೃದುತನ ಹೋಗುತ್ತದೆ. ಇಲ್ಲೂ ಬಿಡುಗಡೆ ಎರಡು ಸಾಲುಗಳ ನಡುವಿನ ಅಂತರದಲ್ಲೇ ಇದೆ: ಜೋರಿನ ಅಟ್ಯಾಕನ್ನು ಮೂವತ್ತು ನಲವತ್ತು ಮಿಲಿಸೆಕೆಂಡಿಗೆ ಇಳಿಸಿ, ಫಿಲ್ಟರಿನ ಅಟ್ಯಾಕನ್ನು ಮಾತ್ರ ಮುನ್ನೂರರಲ್ಲೇ ಬಿಡುವುದು. ಸ್ವರ ತಾಳದ ಮೇಲೆ ಬೀಳುತ್ತದೆ, ಬಿಲ್ಲಿನ ಅರಳುವಿಕೆ ಅದರ ಮೇಲೆ ನಿಧಾನವಾಗಿ ಬರುತ್ತದೆ.

ದನಿ ಕಟ್ಟುವಾಗ ಕೋಣೆಯ ಸ್ಪೀಕರ್ ಎಷ್ಟು ಜೋರಿದೆ ಎನ್ನುವುದೂ ಮುಖ್ಯ. ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದಂತೆ ದನಿ ಸಣ್ಣದಾದಾಗ ಕಿವಿ ತಳದ ಸ್ವರಗಳನ್ನು ಮೊದಲು ಕೈಬಿಡುತ್ತದೆ. ರಾತ್ರಿ ಜೋರಾಗಿಟ್ಟು ಕಟ್ಟಿದ ಗಂಭೀರ ದನಿ ಬೆಳಿಗ್ಗೆ ಮೆಲ್ಲಗೆ ಕೇಳಿದಾಗ ತಗಡಿನಂತಾಗುವುದು ಇದರಿಂದಲೇ. ಎರಡೂ ಮಟ್ಟದಲ್ಲಿ ಕೇಳಿ ಒಪ್ಪಬೇಕು, ಬೇರೆ ಉಪಾಯವಿಲ್ಲ.

ಇಷ್ಟು ಹೊತ್ತು ಹೇಳಿದ್ದಕ್ಕೆಲ್ಲ ಎದುರು ನಿಲ್ಲುವ ಒಂದು ವಾದ್ಯ ನಮ್ಮ ಮನೆಯಲ್ಲೇ ಇದೆ. ತಂಬೂರಿ. ಬಹುಪಾಲು ತಂತಿವಾದ್ಯಗಳಲ್ಲಿ ಮೀಟಿದ ಕ್ಷಣವೇ ಅತಿ ಹೊಳಪಿನ ಕ್ಷಣ. ತಂಬೂರಿಯಲ್ಲಿ ಹಾಗಲ್ಲ. ಅಗಲವಾದ, ತುಸು ಬಾಗಿದ ಕುದುರೆಯ ಮೇಲೆ ತಂತಿ ಹಾದುಹೋಗುತ್ತದೆ, ಅದರಡಿ ಒಂದು ಹತ್ತಿಯ ದಾರದೆಳೆ. ದಾರವನ್ನು ಕೂದಲೆಳೆಯಷ್ಟು ಸರಿಸಿ ಸರಿಯಾದ ತಾವಿಗೆ ತಂದಾಗ ಮೀಟಿದ ತಂತಿ ಕುದುರೆಯ ಮೈಯನ್ನು ಮತ್ತೆ ಮತ್ತೆ ಸವರುತ್ತದೆ. ಜೋರು ಇಳಿಯುತ್ತಿರುವಾಗಲೇ ಮೇಲಿನ ಉಪಸ್ವರಗಳು ಒಂದಾದ ಮೇಲೊಂದು ಏಳುತ್ತವೆ. ಜೋರು ಕೆಳಮುಖ, ಹೊಳಪು ಮೇಲ್ಮುಖ. ಸಿ. ವಿ. ರಾಮನ್ ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ, ವೀಣೆ ಮತ್ತು ತಂಬೂರಿಗಳ ಬಗ್ಗೆ ಬರೆದ ಪುಟ್ಟ ಪ್ರಬಂಧದಲ್ಲಿ ಇದನ್ನೇ ಎತ್ತಿದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಅಲ್ಲಿ ಅಲುಗದೆ ಇರಬೇಕಾದ ಉಪಸ್ವರಗಳು ಆ ದನಿಯಲ್ಲಿ ಇರಲೇಬಾರದು ಎನ್ನುತ್ತಿತ್ತು ಆವರೆಗಿನ ಸಿದ್ಧಾಂತ. ನಮ್ಮ ವಾದ್ಯಗಳಲ್ಲಿ ಅವೂ ಬಲವಾಗಿ ಕೇಳುತ್ತವೆ, ಅದಕ್ಕೆ ಕಾರಣ ಆ ಕುದುರೆ ಎಂದು ರಾಮನ್ ತೋರಿಸಿದರು. ಮುಂದೆ 1979ರಲ್ಲಿ ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ತಯಾರಿಸಿದರು. ಅವರ ರೆಡೆಲ್ ಪೆಟ್ಟಿಗೆ ಇವತ್ತು ಎಷ್ಟೋ ಹಾಡುಗಾರರ ಚೀಲದಲ್ಲಿದೆ. ಸರ್ಕ್ಯೂಟಿನಿಂದ ತಂಬೂರಿಯ ದನಿ ತೆಗೆಯುವುದು ಎಂಥ ಕಠಿಣ ಕೆಲಸವೆಂದು ಎರಡು ಸಾಲು ನಾಬುಗಳ ಮುಂದೆ ಕೂತವರಿಗೆ ಬೇಗ ಅರಿವಾಗುತ್ತದೆ.

ಆದರೂ ಯತ್ನಿಸುವುದು ಎಷ್ಟು ಚೆನ್ನ! ಆರನೇ ಮನೆಯ ಶ್ರುತಿ ಹಿಡಿದರೆ ಮಂದ್ರ ಷಡ್ಜ ಸರಿಯಾಗಿ 110. ಜೋರಿನ ಸಾಲು ಮೀಟಿಗೆ ಇಟ್ಟಂತೆಯೇ: ಥಟ್ಟನೆ ಏರಿ, ನಾಲ್ಕೈದು ಸೆಕೆಂಡು ಇಳಿಯಲಿ. ಫಿಲ್ಟರಿನ ಸಾಲನ್ನು ಮಾತ್ರ ತಿರುಗುಮುರುಗು ಮಾಡಬೇಕು. ಕಟಾಫ್ ತಗ್ಗಿರಲಿ, ಎಂಫಸಿಸ್ ಹತ್ತರಲ್ಲಿ ಆರು ಏಳರವರೆಗೆ ಏರಲಿ, ಅಟ್ಯಾಕ್ ಮುಕ್ಕಾಲು ಸೆಕೆಂಡು, ಡಿಕೇ ಮೂರು ಸೆಕೆಂಡು. ಈಗ ಮನೆ ಒತ್ತಿದರೆ ಮಬ್ಬಾದ ಮೀಟು ಕೇಳುತ್ತದೆ; ದನಿ ಇಳಿಯತೊಡಗುತ್ತದೆ; ಅಷ್ಟರಲ್ಲಿ ಫಿಲ್ಟರಿನ ಎತ್ತಿದ ಅಂಚು ಮೇಲಕ್ಕೆ ಸಾಗುತ್ತ 220ನ್ನು ಬೆಳಗಿಸಿ, 330ನ್ನು ಬೆಳಗಿಸಿ, 550ಕ್ಕೆ ಬರುತ್ತದೆ. ಐದನೇ ಉಪಸ್ವರ. ನಾವು ಒತ್ತಿದ್ದು ಸ. ಮೇಲೆ ಸ್ಪಷ್ಟವಾಗಿ ಅಂತರ ಗಾಂಧಾರ ನಿಂತಿದೆ. ಒಳ್ಳೆಯ ತಂಬೂರಿಯ ಮಂದ್ರ ತಂತಿಯಲ್ಲಿ ಹಾಡುಗಾರರು ಕಿವಿಗೊಟ್ಟು ಹುಡುಕುವ ಗಾಂಧಾರ ಅದೇ. ಕಾಂಟೂರ್ ಪ್ರಮಾಣದ ನಾಬನ್ನು ಒಂದು ಕೂದಲು ಹೆಚ್ಚು ತಿರುಗಿಸಿದರೆ ಅಂಚು ಅಲ್ಲಿ ನಿಲ್ಲದೆ ಮುಂದೆ ಓಡಿಬಿಡುತ್ತದೆ, ಕಡಿಮೆ ಮಾಡಿದರೆ ಪಂಚಮದ ಬಳಿಯೇ ತಿರುಗಿಕೊಳ್ಳುತ್ತದೆ. ದಾರದೆಳೆ ಸರಿಸುವ ಬೆರಳಿಗೆ ಬೇಕಾದ ತಾಳ್ಮೆಯೇ ಇಲ್ಲೂ ಬೇಕು.

ಮಿನಿಮೂಗ್‌ಗೆ ಒಂದು ಹೊತ್ತಿಗೆ ಒಂದೇ ಸ್ವರ. ಹೊಸ ಮನೆ ಒತ್ತಿದರೆ ಹಳೆಯ ತಂತಿ ಸತ್ತುಹೋಗುತ್ತದೆ. ತಂಬೂರಿಗೆ ಕನಿಷ್ಠ ನಾಲ್ಕು ಕಂಠ ಬೇಕು, ಒಂದೊಂದಕ್ಕೂ ತನ್ನದೇ ಫಿಲ್ಟರ್, ತನ್ನದೇ ಎನ್ವಲಪ್. 1978ರ ಪ್ರಾಫೆಟ್-5 ಸಿಂಥಸೈಜರಿನಲ್ಲಿ ಅಂಥ ಐದಿದ್ದವು. ಇವತ್ತು ಲ್ಯಾಪ್‌ಟಾಪಿನಲ್ಲಿ ಎಷ್ಟು ಬೇಕಾದರೂ ಸಿಗುತ್ತವೆ. ಅಂಥ ವಾದ್ಯದಲ್ಲಿ ಇದೇ ಲೆಕ್ಕವನ್ನು ಕೂರಿಸಿ ಪ, ಸ, ಸ, ಮಂದ್ರ ಸ ಎಂದು ಮೀಟುವಾಗ ಸರಿಹೊಂದಿಸಬೇಕಾದ್ದು ಒಂದೇ, ಫಿಲ್ಟರಿನ ಅಟ್ಯಾಕ್. ಮೀಟಿನಿಂದ ಮೀಟಿಗೆ ಇರುವ ಬಿಡುವಿಗಿಂತ ಅದು ಚಿಕ್ಕದಾದರೆ ನಾಲ್ಕು ತಂತಿ ನಾಲ್ಕಾಗಿಯೇ ಕೇಳುತ್ತವೆ. ಆ ಬಿಡುವನ್ನು ಸ್ವಲ್ಪ ದಾಟಿಸಿದರೆ ಪಂಚಮದ ಹೊಳಪು ಷಡ್ಜದ ಮೀಟಿನ ಮೇಲೆ ಅರಳುತ್ತದೆ, ಷಡ್ಜದ್ದು ಮುಂದಿನ ಷಡ್ಜದ ಮೇಲೆ, ಮತ್ತು ಯಾವ ತಂತಿಯನ್ನು ಯಾವಾಗ ಮೀಟಿದ್ದು ಎಂದು ಕಿವಿಗೆ ಬಿಡಿಸಿ ಹೇಳಲಾಗುವುದಿಲ್ಲ.